ಸೊಸೆಯ ಗಂಟಲು

ಆ ಮನೆಯಲ್ಲಿ ಮಾವನಿಗೆ ಉಪ್ಪು ಬೇಕಾದರೆ, ಉಪ್ಪಿನ ಡಬ್ಬಿ ಮಗನ ಮೊಣಕೈ ಪಕ್ಕದಲ್ಲೇ ಇದ್ದರೂ, ಆ ಮಾತು ಅಡುಗೆಮನೆಯಲ್ಲಿದ್ದ ಸೊಸೆಯ ಗಂಟಲನ್ನು ಹಾದೇ ಹೋಗಬೇಕಿತ್ತು. ಅವನಿಗೆ ಉಪ್ಪು ಈ ಕಡೆ ತಳ್ಳೋಕೆ ಹೇಳಮ್ಮ ಎಂದು ಮಾವ ಗೋಡೆ ನೋಡಿಕೊಂಡು ಅನ್ನುತ್ತಿದ್ದರು. ಸೊಸೆ ಬಾಣಲೆ ಬಿಟ್ಟು ಬಾಗಿಲಿಗೆ ಬಂದು ಗಂಡನಿಗೆ ಹೇಳುತ್ತಿದ್ದಳು. ಗಂಡ ಡಬ್ಬಿ ತಳ್ಳಿ, ಉಪ್ಪು ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿದ್ದು ನೆನಪಿದೆಯಾ ಕೇಳು ಅನ್ನುತ್ತಿದ್ದ. ಅದನ್ನೂ ಅವಳೇ ಕೇಳಬೇಕು. ಅಪ್ಪ ಮಗನ ನಡುವೆ ಇದ್ದದ್ದು ಎರಡು ಮೊಳದ ಮೇಜು ಮಾತ್ರ. ಆರು ವರ್ಷದಿಂದ ಹೀಗೇ ನಡೆದುಬಂದು, ಇದರಲ್ಲಿ ಏನೋ ವಿಚಿತ್ರ ಇದೆ ಅನ್ನುವುದೇ ಆ ಮನೆಯವರಿಗೆ ಮರೆತುಹೋಗಿತ್ತು.

ಕಾರಣ ಒಂದು ಕನ್ನಡಿ. ಮನೆ ಮಹಡಿಯ ಮೇಲೆ, ಗಾಜಿನ ಅಂಗಡಿ ಕೆಳಗೆ. ಕಿಟಕಿಗೆ, ಕಪಾಟಿಗೆ, ಮೇಜಿಗೆ, ಯಾರಿಗೆ ಯಾವ ಅಳತೆಯ ಗಾಜು ಬೇಕೋ ಕತ್ತರಿಸಿ ಕೂರಿಸಿಕೊಡುವುದು ಅಪ್ಪ ಮಗನ ಕಸುಬು. ಆರು ವರ್ಷದ ಹಿಂದೆ ಒಂದು ಕ್ಷೌರದಂಗಡಿಗೆಂದು ಗೋಡೆಯಗಲದ ಕನ್ನಡಿಯನ್ನು ಇಬ್ಬರೂ ಹೊತ್ತು ಬೀದಿ ದಾಟುವಾಗ ಅದು ಕೈತಪ್ಪಿ ಚೂರುಚೂರಾಯಿತು. ನೀನು ಬಿಟ್ಟೆ ಅಂತ ಅಪ್ಪ, ನೀವು ಬಿಟ್ಟಿರಿ ಅಂತ ಮಗ. ಬೀದಿಯವರೆಲ್ಲ ನೋಡುತ್ತಿರುವಾಗ ಅಪ್ಪ ಮಗನನ್ನು ಕೈಲಾಗದವನು ಅಂದುಬಿಟ್ಟರು. ಇನ್ನು ನಿಮ್ಮ ಜೊತೆ ಮಾತಾಡಿದರೆ ಕೇಳಿ ಎಂದು ಮಗ ಗಾಜಿನ ಚೂರು ತುಳಿದುಕೊಂಡೇ ಮನೆಗೆ ನಡೆದ. ಹಟದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸುವವರು. ಅಂದಿನಿಂದ ಬಾಯಿಗೆ ಬೀಗ.

ಆದರೆ ಗಾಜಿಗೆ ಇವರ ಸಿಟ್ಟು ಸೆಡವು ಎಲ್ಲಿ ಗೊತ್ತಾಗುತ್ತದೆ? ಆಳೆತ್ತರದ ಹಾಳೆ ಎತ್ತುವಾಗ ಎರಡು ತುದಿಯವರೂ ಒಂದೇ ಉಸಿರಿನಲ್ಲಿ ಎತ್ತಬೇಕು, ಒಂದೇ ಉಸಿರಿನಲ್ಲಿ ಇಳಿಸಬೇಕು. ಅದಕ್ಕೆ ಬಾಯಿ ಬೇಕು. ಸೊಸೆಯನ್ನು ಕರೆದು ನಡುವೆ ನಿಲ್ಲಿಸಿದರು. ಎತ್ತಿ, ಎಡಕ್ಕೆ, ಮೆಲ್ಲಗೆ, ಹೊಸ್ತಿಲು ಇದೆ, ಇಳಿಸಿ. ಒಲೆಯ ಮೇಲೆ ಹಾಲಿಟ್ಟು ಓಡಿಬಂದು ಇದನ್ನು ಹೇಳಿ, ಹಾಲು ಉಕ್ಕುವುದರೊಳಗೆ ವಾಪಸು ಓಡುವುದು ಅವಳ ದಿನಚರಿಯಾಯಿತು. ಗಾಜಿಗಾದರೆ ಇಷ್ಟೇ ಸಾಕು. ಅಪ್ಪ ಮಗನ ಉಳಿದ ಮಾತುಗಳನ್ನು ಇದ್ದ ಹಾಗೇ ದಾಟಿಸುವಂತಿರಲಿಲ್ಲ. ಆ ದಂಡಪಿಂಡಕ್ಕೆ ಹೇಳು ಎಂದು ಮಾವ ಶುರುಮಾಡಿದ್ದು ಗಂಡನ ಕಿವಿಗೆ ಬೀಳುವಾಗ, ಮಾವ ಕೇಳ್ತಾ ಇದಾರೆ ಎಂದಾಗಿರುತ್ತಿತ್ತು. ಆ ಮುದುಕನಿಗೆ ಬುದ್ಧಿ ಇದೆಯಾ ಅನ್ನುವುದು, ಅವರಿಗೆ ಸ್ವಲ್ಪ ಅನುಮಾನ ಅಂತೆ ಮಾವ ಎಂದಾಗಿರುತ್ತಿತ್ತು. ಅವಳು ಪಾತ್ರೆಗಳನ್ನು ಎಷ್ಟು ತೊಳೆದಳೋ ಅಷ್ಟೇ ಮಾತುಗಳನ್ನೂ ತೊಳೆದಿದ್ದಳು.

ಒಂದು ಸೋಮವಾರ ಬೆಳಿಗ್ಗೆ, ಹಲ್ಲಿನ ಆಸ್ಪತ್ರೆಯೊಂದರ ಬಾಗಿಲಿನ ಗಾಜು ಹೊರಡಬೇಕಿತ್ತು. ಇಬ್ಬರೂ ಕೈಗವಸು ಹಾಕಿಕೊಂಡು ಬಾಗಿ ನಿಂತರು. ಸೊಸೆ ಎತ್ತಿ ಅನ್ನಲು ಬಾಯಿ ತೆರೆದಳು. ಬರೀ ಗಾಳಿ ಬಂತು. ಇನ್ನೊಮ್ಮೆ ತೆರೆದಳು, ಇನ್ನೊಮ್ಮೆ ಗಾಳಿ. ಏನಮ್ಮ, ಹೇಳಬಾರದಾ ಎಂದು ಮಾವ ಬಾಗಿದಲ್ಲಿಂದಲೇ ಗದರಿದರು. ಅವಳು ಗಂಟಲು ಹಿಡಿದುಕೊಂಡು ತಲೆಯಾಡಿಸಿದಳು. ಗಾಜು ಆ ದಿನ ಅಲ್ಲಿಂದ ಕದಲಲಿಲ್ಲ.

ಬಿಸಿನೀರು, ಜೇನು, ಆವಿ, ಕುತ್ತಿಗೆಗೆ ಉಣ್ಣೆ ಬಟ್ಟೆ, ಎಲ್ಲ ಆಯಿತು. ಗಂಟಲ ಡಾಕ್ಟರು ಮೂಗಿನಿಂದ ಸಣ್ಣ ಕೊಳವೆ ಇಳಿಸಿ ಪರದೆಯ ಮೇಲೆ ಅವಳ ಗಂಟಲನ್ನು ಅವಳಿಗೇ ತೋರಿಸಿದರು. ಊತ ಇಲ್ಲ, ಗಂಟು ಇಲ್ಲ, ಎಲ್ಲ ಸರಿಯಾಗಿದೆ. ಕೆಮ್ಮಿ ಅಂದರು, ಕೆಮ್ಮಿದಳು, ಗಟ್ಟಿಯಾಗಿ ಸದ್ದು ಬಂತು. ಅಷ್ಟು ಸಾಕಾಯಿತು ಅತ್ತೆಗೆ. ಕೆಮ್ಮೋಕೆ ಬರೋ ಗಂಟಲಿಗೆ ಮಾತಾಡೋಕೆ ಏನು ರೋಗ, ಕೆಲಸ ತಪ್ಪಿಸಿಕೊಳ್ಳೋಕೆ ಹೂಡಿದ ನಾಟಕ ಇದು, ಎಂದು ದಾರಿಯುದ್ದಕ್ಕೂ ಮೂಗು ಮುರಿದರು. ಸೊಸೆ ಮರುತ್ತರ ಕೊಡಲು ಬಾಯಿ ತೆರೆದರೆ ಮತ್ತದೇ ಗಾಳಿ. ಅತ್ತೆಗೆ ಎದುರಾಡುವ ಆಸೆ ಅವಳಿಗೆ ಮದುವೆಯಾದ ಹನ್ನೊಂದು ವರ್ಷದಲ್ಲಿ ಅಷ್ಟು ಜೋರಾಗಿ ಬಂದದ್ದು ಆವತ್ತೇ.

ಗಂಟಲ ಡಾಕ್ಟರು ಕೊಟ್ಟ ಚೀಟಿಯಲ್ಲಿ ಇನ್ನೊಬ್ಬ ಡಾಕ್ಟರ ವಿಳಾಸ ಇತ್ತು. ಮನಸ್ಸಿನ ದಣಿವು ಕೆಲವರಿಗೆ ಹೊಟ್ಟೆಯಲ್ಲಿ, ಕೆಲವರಿಗೆ ಚರ್ಮದಲ್ಲಿ, ಕೆಲವರಿಗೆ ಗಂಟಲಲ್ಲಿ ಕಾಣಿಸಿಕೊಳ್ಳುತ್ತೆ, ಅದು ನಾಟಕ ಅಲ್ಲ, ಮನೆಯವರೆಲ್ಲ ಒಟ್ಟಿಗೆ ಹೋಗಿ, ಅಂದಿದ್ದರು. ಒಬ್ಬಳ ಕಾಯಿಲೆಗೆ ಐದು ಜನ ಮದ್ದು ಕುಡಿಯೋದಾ ಎಂದು ಮಾವ ಎಗರಾಡಿದರು. ಆದರೆ ಹಲ್ಲಿನ ಆಸ್ಪತ್ರೆಯ ಗಾಜು ಇನ್ನೂ ಅಂಗಡಿಯ ಗೋಡೆಗೆ ಒರಗಿಕೊಂಡೇ ಇತ್ತು. ಬುಧವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಎಲ್ಲರೂ ಹೊರಟರು. ಅಪ್ಪ ಮುಂದೆ, ಮಗ ಹತ್ತು ಹೆಜ್ಜೆ ಹಿಂದೆ, ನಡುವೆ ಅತ್ತೆ, ಸೊಸೆ, ಮತ್ತೆ ಒಂಬತ್ತು ವರ್ಷದ ಮಗಳು. ಹುಟ್ಟಿದಾಗ ಅಷ್ಟು ಸಣ್ಣಕ್ಕೆ ದುಂಡಗೆ ಇದ್ದದ್ದಕ್ಕೆ ಅವಳಿಗೆ ಮನೆಯಲ್ಲಿ ಬಟಾಣಿ ಅಂತ ಹೆಸರು.

ಹೊಸ ಡಾಕ್ಟರಿಗೆ ಅತ್ತೆ ಮೊದಲ ದಿನವೇ ಮಾತಿನ ಡಾಕ್ಟರಮ್ಮ ಎಂದು ಹೆಸರಿಟ್ಟರು. ಐವತ್ತು ದಾಟಿದ ಹೆಂಗಸು. ಕೋಣೆಯಲ್ಲಿ ಸೂಜಿಯಿಲ್ಲ, ಔಷಧಿಯ ವಾಸನೆಯಿಲ್ಲ, ದುಂಡಗೆ ಹಾಕಿದ ಆರು ಕುರ್ಚಿ, ಒಂದು ಸಣ್ಣ ಮೇಜು. ರೋಗ ಏನು ಅಂತ ಅವರು ಕೇಳಲೇ ಇಲ್ಲ. ನಿಮ್ಮ ಮನೆಯಲ್ಲಿ ಚೆನ್ನಾಗಿರೋದು ಏನು, ಒಬ್ಬೊಬ್ಬರೂ ಒಂದೊಂದು ಹೇಳಿ ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು, ತಮ್ಮ ಮನೆಯಲ್ಲಿ ಜಗಳ ಅನ್ನುವುದೇ ಇಲ್ಲ, ಆರು ವರ್ಷದಿಂದ ಒಂದು ಏರುದನಿ ಎದ್ದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಡಾಕ್ಟರಮ್ಮ ಅದನ್ನು ಬರೆದುಕೊಂಡರು. ಅಷ್ಟರಲ್ಲಿ ಕಿಟಕಿಯ ಬಿಸಿಲು ಮಾವನ ಕಣ್ಣಿಗೆ ಹೊಡೆಯಿತು. ಪರದೆ ಮಗನ ಬೆನ್ನ ಹಿಂದೆ ಇತ್ತು. ಮಾವ ಅಭ್ಯಾಸಬಲದಿಂದ ಸೊಸೆಯ ಕಡೆ ತಿರುಗಿದರು.

"ಆ ಪರದೆ ಎಳೆಯೋಕೆ ಹೇಳಮ್ಮ ಅವನಿಗೆ."

ಸೊಸೆ ಗಂಟಲು ಮುಟ್ಟಿಕೊಂಡಳು. ಗಂಡ ಕಿವಿ ಕೇಳಿಸದವನ ಹಾಗೆ ಕೂತಿದ್ದ. ಕೊನೆಗೆ ಬಟಾಣಿ ಎದ್ದು ಪರದೆ ಎಳೆದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಆಮೇಲೆ ಒಂದೊಂದೇ ಪ್ರಶ್ನೆ ಕೇಳಿ ಕನ್ನಡಿಯ ಕಥೆಯನ್ನು ಅತ್ತೆಯ ಬಾಯಿಂದಲೇ ಹೊರಡಿಸಿದರು. ಎಲ್ಲ ಕೇಳಿ, ಈ ಗಂಟಲು ಕೆಟ್ಟಿಲ್ಲ, ಇದಕ್ಕೊಂದು ಶಕ್ತಿ ಇದೆ ಅಂದರು. "ಇವರಿಗೆ ಬಾಯಿಬಿಟ್ಟು ಬೇಡ ಅನ್ನೋಕೆ ಆಗ್ಲಿಲ್ಲ. ಇವರ ಪರವಾಗಿ ಗಂಟಲು ಬೇಡ ಅಂದಿದೆ. ಅದನ್ನ ಬೈಬೇಡಿ, ಅದು ಏನು ಕೇಳ್ತಾ ಇದೆ ನೋಡಿ."

ಗಂಟಲು ಕೇಳೋದಲ್ಲ, ಹೇಳೋದು, ಇವರಿಗೆ ಯಾರು ಪಾಸು ಕೊಟ್ಟರೋ ಎಂದು ಮಾವ ಮೆಟ್ಟಿಲಿಳಿಯುವಾಗ ಗೊಣಗಿದರು. ಸೊಸೆ ಮಾತ್ರ ಡಾಕ್ಟರಮ್ಮನ ಮಾತನ್ನು ಮನೆಯವರೆಗೂ ಹೊತ್ತುಕೊಂಡು ಬಂದಳು. ತನ್ನ ದೇಹದಲ್ಲಿ ತನ್ನ ಪರವಾಗಿ ಯಾರೋ ಒಬ್ಬರಿದ್ದಾರೆ ಅನ್ನುವುದು ಅವಳಿಗೆ ಹೊಸ ಸುದ್ದಿ, ಅದರಿಂದ ಅವಳಿಗೆ ಅಳುವಷ್ಟು ಸಂತೋಷವಾಗಿತ್ತು.

ಮಾತಿನ ಬದಲು ಬರೆದು ತೋರಿಸಲೆಂದು ಅವಳ ಕೈಗೆ ಒಂದು ಸ್ಲೇಟು ಬಂತು. ಬಂದದ್ದೇ ತಡ, ಗಂಡ ಬಗ್ಗಿ, ನಾಳೆ ಮರದ ಚೌಕಟ್ಟು ಯಾರು ತರೋದು ಅಂತ ಅಪ್ಪನಿಗೆ ಬರೆದು ತೋರಿಸು ಅಂದ. ಅವಳು ಸ್ಲೇಟು ತೆಗೆದುಕೊಂಡು, ಸೋಪು ಮುಗಿದಿದೆ, ಎಂದು ದೊಡ್ಡಕ್ಷರದಲ್ಲಿ ಬರೆದು ಅವನ ಮೂಗಿಗೆ ಹಿಡಿದಳು. ಅವನು ಕಣ್ಣು ಕಣ್ಣು ಬಿಟ್ಟ. ಅಂದಿನಿಂದ ಆ ಸ್ಲೇಟಿನ ಮೇಲೆ ಅವಳ ಮಾತು ಬಿಟ್ಟು ಬೇರೆಯವರದ್ದು ಬರಲಿಲ್ಲ.

ಮಾವ ಸೋಲುವವರಲ್ಲ. ಮೂರನೇ ವಾರ ಹಳೆಸಾಮಾನಿನ ಅಂಗಡಿಯಿಂದ ಒಂದು ಹಿತ್ತಾಳೆಯ ಕೈಗಂಟೆ ತಂದರು. ರಟ್ಟಿನ ಮೇಲೆ ತಾವೇ ಬರೆದು ಗೋಡೆಗೆ ಅಂಟಿಸಿದರು: ಒಂದು ಸಲ ಬಾರಿಸಿದರೆ ಎತ್ತುವುದು, ಎರಡು ಸಲಕ್ಕೆ ಇಳಿಸುವುದು, ಮೂರಕ್ಕೆ ಎಡ, ನಾಲ್ಕಕ್ಕೆ ಬಲ, ಬಿಡದೆ ಬಾರಿಸಿದರೆ ಹೊಸ್ತಿಲು. ಇಷ್ಟು ಬುದ್ಧಿ ಆ ದೊಡ್ಡ ದೊಡ್ಡ ಡಾಕ್ಟರುಗಳಿಗೆ ಹೊಳೆಯಲಿಲ್ಲವಲ್ಲ ಎಂದು ಅವರ ಮುಖ ಅರಳಿತ್ತು. ಅತ್ತೆಯೂ ಮೆಚ್ಚಿದರು. ಗಂಡನೂ, ತನ್ನ ಕಡೆಯಿಂದ, ಆಕ್ಷೇಪ ಎತ್ತಲಿಲ್ಲ. ಅಪ್ಪ ಮಗ ಆರು ವರ್ಷದಲ್ಲಿ ಒಪ್ಪಿದ್ದು ಅದೊಂದೇ ವಿಷಯ.

ಎರಡು ದಿನ ಸೊಸೆ ಗಂಟೆ ಬಾರಿಸಿದಳು. ಮೂರನೆಯ ದಿನ ಕಪಾಟಿನ ಗಾಜು ಹೊರಟಿತ್ತು. ಅವಳು ನಾಲ್ಕು ಬಾರಿಸಿದಳು, ಮಾವ ನಾಲ್ಕು ಎಣಿಸಿದರು, ಬೀದಿಯಲ್ಲಿ ಯಾವುದೋ ಸೈಕಲ್ ಬೆಲ್ಲು ಹೊಡೆದದ್ದೂ ಸೇರಿ ಗಂಡ ಐದು ಎಣಿಸಿದ. ಐದಕ್ಕೆ ರಟ್ಟಿನಲ್ಲಿ ಏನೂ ಬರೆದಿರಲಿಲ್ಲ. ಅವನು ಅಲ್ಲೇ ನಿಂತ, ಮಾವ ಬಲಕ್ಕೆ ನಡೆದರು, ಗಾಜಿನ ಒಂದು ಮೂಲೆ ಪಟ್ಟೆಂದಿತು. ಇಬ್ಬರೂ ಒಟ್ಟಿಗೆ ಅವಳನ್ನು ದುರುಗುಟ್ಟಿ ನೋಡಿದರು. ಅವಳು ಗಂಟೆಯನ್ನು ಚೀಲಕ್ಕೆ ಹಾಕಿಕೊಂಡು, ಮುಂದಿನ ಬುಧವಾರ ಡಾಕ್ಟರಮ್ಮನ ಮೇಜಿನ ಮೇಲೆ ಠಣ್ ಎಂದು ಇಟ್ಟಳು.

ಇದೇನು ಎಂದರೆ ಅತ್ತೆ ಗಂಟೆಯ ಮಹಿಮೆ ವರ್ಣಿಸಿದರು. ಡಾಕ್ಟರಮ್ಮ ಅಪ್ಪ ಮಗ ಇಬ್ಬರನ್ನೂ ನೋಡಿ, ಒಂದು ಮಾತಾಡೋದಕ್ಕಿಂತ ಇದು ಸುಲಭ ಅನ್ನಿಸಿತಾ ಎಂದು ಕೇಳಿದರು. ಹೂಂ, ಅನ್ನಿಸಿತು, ಎಂದು ಮಾವ ಪ್ರಾಮಾಣಿಕವಾಗಿ ಹೇಳಿದರು. ಆ ಒಂದು ಮಾತಿಗೆ ಸೊಸೆಗೆ ಅವರನ್ನು ನೋಡಿ ಪಾಪ ಅನ್ನಿಸಿಬಿಟ್ಟಿತು, ಆದರೆ ಗಂಟೆಯನ್ನು ಮಾತ್ರ ಅವಳು ವಾಪಸು ಒಯ್ಯಲಿಲ್ಲ.

ಆವತ್ತು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಹಾಳೆಯಲ್ಲೊಂದು ಚೌಕ, ಚೌಕಕ್ಕೆ ನಾಲ್ಕು ಮನೆ: ದೇಹ, ಕೆಲಸ, ಜನ, ಕನಸು. ನಿಮ್ಮ ದಿನ ಎಲ್ಲೆಲ್ಲಿ ಹೋಗುತ್ತದೋ ಅಲ್ಲಿ ಬಣ್ಣ ತುಂಬಿ ಅಂದರು. ಗಂಡ ಕೆಲಸದ ಮನೆಯನ್ನು ತುಂಬಿಸಿ ಪೆನ್ಸಿಲು ಇಟ್ಟುಬಿಟ್ಟ. ಕನಸಾ, ನಿದ್ದೆ ಬಂದರೆ ತಾನೇ, ಎಂದು ಅತ್ತೆ ಆ ಮನೆಯನ್ನು ಖಾಲಿ ಬಿಟ್ಟರು. ಸೊಸೆಯ ಹಾಳೆಯಲ್ಲಿ ಜನ ಅನ್ನುವ ಮನೆಯ ಬಣ್ಣ ಗೆರೆ ದಾಟಿ ಅಂಚಿನವರೆಗೂ ಹರಿದಿತ್ತು, ಬೇರೆ ಮೂರೂ ಬಿಳಿ. ಮದುವೆಗೆ ಮುಂಚೆ ನಿಮಗೆ ಚೆನ್ನಾಗಿ ಬರುತ್ತಿದ್ದ, ಈಗ ಮಾಡದೇ ಬಿಟ್ಟಿರುವ ಕೆಲಸ ಯಾವುದು ಎಂದು ಡಾಕ್ಟರಮ್ಮ ಕೇಳಿದರು. ಹಾಡು, ಹೊಲಿಗೆ, ಏನಾದರೂ ಬರೆಯುತ್ತಾಳೆ ಎಂದು ಎಲ್ಲರೂ ಕತ್ತು ಚಾಚಿದರು. ಅವಳು ಸ್ಲೇಟಿನ ಮೇಲೆ ಬರೆದಳು: ಜಗಳ.

ಡಾಕ್ಟರಮ್ಮ ಬಾಯ್ತುಂಬ ನಕ್ಕರು. ಸೊಸೆ ಒರೆಸಿ ಒರೆಸಿ ಬರೆದಳು. ತವರಿನಲ್ಲಿ ನಾಲ್ಕು ಜನ ಅಕ್ಕತಂಗಿಯರು, ಬಾಚಣಿಗೆಗೊಂದು ಜಗಳ, ಕಿಟಕಿಯ ಪಕ್ಕದ ಜಾಗಕ್ಕೊಂದು ಜಗಳ, ಅದರಲ್ಲಿ ತಾನೇ ಎತ್ತಿದ ಕೈ. ಜಗಳ ಮುಗಿದ ಮೇಲೆ ನಾಲ್ವರೂ ಒಂದೇ ಕಂಬಳಿಯಲ್ಲಿ ಮಲಗುತ್ತಿದ್ದರು. ಜಗಳವಾಡಿ ಯಾರೂ ಸತ್ತಿರಲಿಲ್ಲ. ಸ್ಲೇಟನ್ನು ಓದಿದ ಅತ್ತೆ, ಅಯ್ಯೋ, ಇಂಥ ಮನೆಯ ಹುಡುಗಿ ಅಂತ ಗೊತ್ತಿದ್ದರೆ, ಎಂದು ಶುರುಮಾಡಿ ಡಾಕ್ಟರಮ್ಮನ ಮುಖ ನೋಡಿ ನುಂಗಿಕೊಂಡರು.

ಅಪ್ಪ ಮಗನಿಗೆ ಮನೆಪಾಠ ಸಿಕ್ಕಿತು. ದಿನಾ ಸಂಜೆ ಚಹಾ ಹೊತ್ತಿಗೆ ಹತ್ತು ನಿಮಿಷ ಎದುರುಬದುರು ಕೂರಬೇಕು, ಒಬ್ಬರಿಗೊಬ್ಬರು ಒಂದೇ ಒಂದು ವಾಕ್ಯ ಹೇಳಬೇಕು. ಹವಾಮಾನದ ಬಗ್ಗೆಯಾದರೂ ಸರಿ. ಕೂತರು. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಚಹಾ ಹೀರಿದರು. ಮೊದಲು ಯಾರು ಬಾಯಿಬಿಟ್ಟರೆ ಅವರು ಸೋತ ಹಾಗೆ ಅಂತ ಇಬ್ಬರ ಲೆಕ್ಕ. ನಾಲ್ಕನೇ ದಿನ ಮಾವ, ಮೇಜಿನ ಕೆಳಗೆ ಮಲಗಿದ್ದ ಮನೆಯ ಬೆಕ್ಕಿಗೆ, ಇವತ್ತು ಮೋಡ ಇದೆ ಕಣೋ, ಅಂದರು. ಗಂಡ ಅದೇ ಬೆಕ್ಕಿಗೆ, ಬೆಳಿಗ್ಗೆಯಿಂದಾನೂ ಇದೆ, ಅಂದ. ಅತ್ತೆ ಇದನ್ನು ದೊಡ್ಡ ಗೆಲುವೆಂದು ಡಾಕ್ಟರಮ್ಮನಿಗೆ ಫೋನು ಮಾಡಿ ತಿಳಿಸಿದರು.

ಅದೇ ಬೆಕ್ಕು ಐದನೇ ವಾರ ಮಧ್ಯಾಹ್ನ ಮೇಜಿನ ಮೇಲೆ ಹಾರಿ ಹುರಿದ ಮೀನಿಗೆ ಬಾಯಿ ಹಾಕಿತು. ಗಂಡಸರು ಕೆಲಸದ ಮೇಲೆ ಹೋಗಿದ್ದರು, ಬಟಾಣಿ ಶಾಲೆಯಲ್ಲಿ, ಅತ್ತೆ ಒಳಕೋಣೆಯಲ್ಲಿ ಗೊರಕೆ. "ಇಳಿಯೋ ಕಳ್ಳ" ಎಂದಳು ಸೊಸೆ. ಬೆಕ್ಕು ಇಳಿಯಿತು. ಅವಳು ಸೌಟು ಹಿಡಿದುಕೊಂಡು ನಿಂತೇಬಿಟ್ಟಳು. ಆಮೇಲೆ ಕಿಟಕಿ ಮುಚ್ಚಿ, ನಲ್ಲಿ ಬಿಟ್ಟು, ನೀರಿನ ಸದ್ದಿನ ಹಿಂದೆ ಮೆಲ್ಲಗೆ ತನ್ನ ಹೆಸರು ಹೇಳಿಕೊಂಡಳು, ಅಕ್ಕತಂಗಿಯರ ಹೆಸರು ಹೇಳಿದಳು, ಒಂದರಿಂದ ಇಪ್ಪತ್ತು ಎಣಿಸಿದಳು. ಸ್ವಲ್ಪ ಒರಟು, ಆದರೆ ದನಿ ಅವಳದೇ. ಸಂತೋಷಕ್ಕೆ ಇನ್ನೊಮ್ಮೆ ಇಪ್ಪತ್ತರವರೆಗೆ ಎಣಿಸಿದಳು.

ಅತ್ತೆಯನ್ನು ಎಬ್ಬಿಸಿ ಹೇಳೋಣವೆಂದು ಹೊರಟವಳು ಬಾಗಿಲ ಹತ್ತಿರ ನಿಂತಳು. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯೇ ಉಪ್ಪು ದಾಟಿಸಬೇಕು. ಅವಳು ಬಾಯಿ ಮುಚ್ಚಿಕೊಂಡಳು. ಅದರ ತಮಾಷೆ ಅವಳಿಗೇ ನಗು ತರಿಸುತ್ತಿತ್ತು. ನಿಜವಾಗಿ ಮಾತು ಹೋಗಿದ್ದಾಗ ನಾಟಕ ಅಂದಿದ್ದ ಅತ್ತೆ, ಈಗ ನಿಜವಾಗಿ ನಾಟಕ ಆಡುತ್ತಿರುವಾಗ, ಪಾಪ, ಮೂಕಪ್ರಾಣಿ, ಎಂದು ತಾವೇ ಚಹಾ ಮಾಡಿಕೊಂಡು ಬಂದು ಕೈಗಿಡುತ್ತಿದ್ದರು. ಕುಡಿದಳು, ನಾಚಿಕೆಯಿಲ್ಲದೆ ಕುಡಿದಳು. ಆರು ವರ್ಷದ ದುಡಿಮೆಗೆ ಇಷ್ಟಾದರೂ ರಜೆ ಬೇಡವೇ?

ಡಾಕ್ಟರಮ್ಮನಿಗೆ ಮಾತ್ರ, ಒಬ್ಬಳೇ ಇದ್ದಾಗ, ಬಾಯಿಬಿಟ್ಟು ಹೇಳಿದಳು. ಅವರು ಬೈಯಲಿಲ್ಲ, ಶಭಾಷ್ ಅನ್ನಲೂ ಇಲ್ಲ.

"ಇಷ್ಟು ದಿನ ನಿಮ್ಮ ಗಂಟಲು ತೀರ್ಮಾನ ಮಾಡ್ತಿತ್ತು. ಈಗ ನೀವೇ ಮಾಡಬೇಕು. ಮೊದಲ ಮಾತು ಯಾರಿಗೆ, ಏನು, ಯೋಚನೆ ಮಾಡಿ. ಆದ್ರೆ ತುಂಬ ದಿನ ಬಚ್ಚಿಟ್ಟುಕೊಂಡು ಕೂತ್ರೆ ನೀವೂ ಚಹಾ ಹೊತ್ತಿನ ಆ ಇಬ್ಬರ ಹಾಗೇ ಆಗ್ತೀರಿ."

ಆ ಕೊನೆಯ ಮಾತು ಅವಳಿಗೆ ಚುರುಕ್ ಎಂದಿತು. ಹಟದ ರುಚಿ ತನಗೂ ಹತ್ತುತ್ತಿದೆ ಅನ್ನುವುದು ಅವಳಿಗೆ ಗೊತ್ತಿತ್ತು. ಆದರೂ ಇನ್ನೊಂದು ವಾರ ತಳ್ಳಿದಳು.

ಆ ವಾರದಲ್ಲೇ ಬಟಾಣಿಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ಬ್ರೆಡ್ಡು ಮುಟ್ಟುತ್ತಿರಲಿಲ್ಲ, ರಾತ್ರಿ ಅನ್ನ ಕೆದಕಿ ಎದ್ದುಹೋಗುತ್ತಿದ್ದಳು. ಹುಳುವಿನ ಮಾತ್ರೆ ಕೊಟ್ಟರು, ಗುಣ ಕಾಣಲಿಲ್ಲ. ಶನಿವಾರ ಸೊಸೆ ಬಟ್ಟೆ ಒಣಹಾಕಿ ಬರುವಾಗ ಅಂಗಡಿಗೆ ಇಳಿಯುವ ಮೆಟ್ಟಿಲಲ್ಲಿ ಮಗಳು ಒಬ್ಬಳೇ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಪಾಠ ಉರುಹೊಡೆಯುತ್ತಿರಬೇಕು ಎಂದುಕೊಂಡು ಸೊಸೆ ಹಿಂದೆ ಬಂದು ನಿಂತಳು. ಕೆಳಗಿನಿಂದ ಮಾವನ ದನಿ ಕೇಳುತ್ತಿತ್ತು, ನಿಮ್ಮಪ್ಪನಿಗೆ ಹೇಳು, ಅವನು ಕತ್ತರಿಸಿದ ಗಾಜು ನಾಯಿ ಕಚ್ಚಿದ ಹಾಗಿದೆ ಅಂತ. ಬಟಾಣಿ ಬೆರಳು ಮಡಿಸುತ್ತ ತನ್ನಷ್ಟಕ್ಕೆ ಗೊಣಗಿದಳು.

"ಅಪ್ಪಾ, ತಾತ ಹೇಳಿದ್ರು, ಗಾಜು ಚೆನ್ನಾಗಿದೆ, ಅಂಚು ಮಾತ್ರ ಸ್ವಲ್ಪ... ಅಲ್ಲ. ಅಂಚು ಒಂಚೂರು ಉಜ್ಜಿದ್ರೆ ಇನ್ನೂ ಚೆನ್ನಾಗಿರುತ್ತಂತೆ."

ಸೊಸೆ ಖಾಲಿ ಬಕೆಟ್ಟನ್ನು ಅಲ್ಲೇ ಕೆಳಗಿಟ್ಟಳು. ಎಷ್ಟು ನಾಜೂಕಾಗಿ ತೊಳೆದಿದ್ದಳು ಹುಡುಗಿ. ನಾಯಿ ಹೋಗಿತ್ತು, ಕಚ್ಚಿದ್ದು ಹೋಗಿತ್ತು, ಎಲ್ಲಿಂದಲೋ ಒಂದು ಹೊಗಳಿಕೆ ಬಂದು ಕೂತಿತ್ತು. ಅದನ್ನು ಕಲಿಯಲು ತನಗೆ ಎರಡು ವರ್ಷ ಹಿಡಿದಿತ್ತು. ತಾನು ಖಾಲಿ ಮಾಡಿದ ಜಾಗದಲ್ಲಿ ಮನೆಯವರು ಮಗಳನ್ನು ನಿಲ್ಲಿಸಿದ್ದರು, ತಾನು ಚಹಾ ಕುಡಿಯುತ್ತ ಕೂತಿದ್ದೆ, ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡಳು. ಅಳುವುದಕ್ಕೆ ಪುರುಸೊತ್ತಿರಲಿಲ್ಲ, ಒಲೆಯ ಮೇಲೆ ಬೇಳೆ ಇತ್ತು.

ಸಂಜೆ ಏಳಕ್ಕೆ ಎಲ್ಲರೂ ಮೇಜಿಗೆ ಬಂದರು. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಸೊಸೆ ಎಲ್ಲರಿಗೂ ಬಡಿಸಿದಳು, ಆಮೇಲೆ ಎಂದೂ ಇಲ್ಲದ ಹಾಗೆ ತನಗೂ ಒಂದು ತಟ್ಟೆ ಇಟ್ಟುಕೊಂಡು, ಕುರ್ಚಿ ಎಳೆದು ಅವರ ಜೊತೆಗೇ ಕೂತಳು. ಅತ್ತೆ ಹುಬ್ಬೇರಿಸಿದರು, ಮೂಕಳ ಜೊತೆ ಏನು ವಾದ ಎಂದು ಸುಮ್ಮನಾದರು. ಸೋಮವಾರ ಶಾಲೆಯೊಂದಕ್ಕೆ ಹನ್ನೆರಡು ಕಿಟಕಿಯ ಗಾಜು ಕೂರಿಸಬೇಕಿತ್ತು. ಅಳತೆ ತಂದವನು ಮಗ. ಮಾವ ಎರಡು ತುತ್ತು ತಿಂದು, ಗೋಡೆಯ ಕಡೆ ನೋಡಿ, ಮೊಮ್ಮಗಳನ್ನು ಕರೆದರು. ಬಟಾಣಿ, ನಿಮ್ಮಪ್ಪನಿಗೆ ಹೇಳು, ಅಳತೆ ತೊಗೊಳ್ಳೋಕೆ ಬರದೇ ಇದ್ದವನು ಟೇಪು ಮನೇಲಿಟ್ಟು ಹೋಗಬೇಕು ಅಂತ.

ಬಟಾಣಿ ಚಮಚ ಕೆಳಗಿಟ್ಟಳು. ಎಡಗೈ ಹೊಟ್ಟೆಯ ಮೇಲೆ ಹೋಯಿತು, ಕಣ್ಣು ಮೇಲಕ್ಕೆ ಹೋಯಿತು, ತುಟಿ ಅಲ್ಲಾಡತೊಡಗಿತು.

"ಅವಳು ಹೇಳಲ್ಲ" ಎಂದಳು ಸೊಸೆ.

ಏಳು ವಾರದ ಮೇಲೆ ಮನೆಯವರ ಕಿವಿಗೆ ಬಿದ್ದ ಅವಳ ಮೊದಲ ಮಾತು. ಅತ್ತೆಯ ಕೈಯಿಂದ ಸೌಟು ಬೇಳೆಯ ಪಾತ್ರೆಯೊಳಗೆ ಮುಳುಗಿಹೋಯಿತು. ಗಂಡ ಬಾಯಲ್ಲಿದ್ದ ತುತ್ತನ್ನು ಅಗಿಯದೆ ನೋಡಿದ. ಮಾವನಂತೂ ಮಗಳೇ ಹುಟ್ಟಿಬಂದಷ್ಟು ಸಂತೋಷಪಟ್ಟರು, ಕಣ್ಣು ತೇವವಾಯಿತು ಕೂಡ. ಅಂತೂ ಬಂತಲ್ಲಮ್ಮ, ಒಳ್ಳೇದಾಯಿತು, ಎಂದು ಅವರು ಕೈ ಮೇಲೆತ್ತಿದರು, ಮರುಗಳಿಗೆಗೇ ಗೋಡೆಯ ಕಡೆ ತಿರುಗಿದರು.

"ಹಾಗಾದ್ರೆ ನೀನೇ ಹೇಳಮ್ಮ ಅವನಿಗೆ, ಆ ಅಳತೆ..."

"ನಾನೂ ಹೇಳಲ್ಲ ಮಾವ. ಅವರು ಇಲ್ಲೇ ಕೂತಿದಾರೆ, ಕಿವಿ ಚೆನ್ನಾಗಿದೆ. ನಿಮ್ಮ ಬಾಯಲ್ಲಿ ಏನಿದೆಯೋ ಹಾಗೇ ಹೇಳಿ." ಗಂಡನ ಕಡೆ ತಿರುಗಿದಳು. "ನೀವೂ ಅಷ್ಟೇ ರೀ. ಇವತ್ತಿನವರೆಗೆ ನಿಮಗೆ ತಲುಪಿದ್ದು ನಿಮ್ಮಪ್ಪನ ಮಾತಲ್ಲ, ನನ್ನದು. ಅವರು ನಿಮ್ಮನ್ನ ದಂಡಪಿಂಡ ಅಂದಿದಾರೆ. ನೀವು ಅವರನ್ನ ಮುದುಕ ಅಂದಿದೀರಿ. ಆರು ವರ್ಷ ಅದನ್ನೆಲ್ಲ ತೊಳೆದು ಒಣಗಿಸಿ ಕೊಟ್ಟೆ. ನನ್ನ ಗಂಟಲು ಹೋಯ್ತು. ಈಗ ನನ್ನ ಮಗಳ ಹೊಟ್ಟೆ ಹೋಗ್ತಾ ಇದೆ. ಅದು ಆಗಲ್ಲ."

ದಂಡಪಿಂಡವಾ ಎಂದು ಗಂಡ ಪಿಸುಗುಟ್ಟಿದ. ಮುದುಕನಾ ಎಂದು ಮಾವ ಕೇಳಿದರು. ಇಬ್ಬರ ಕಣ್ಣೂ ಮೇಜಿನ ನಟ್ಟನಡುವೆ ಕೂಡಿದವು, ಅಲ್ಲಿ ತಪ್ಪಿಸಿಕೊಳ್ಳಲು ಗೋಡೆಯೂ ಇರಲಿಲ್ಲ, ಬೆಕ್ಕೂ ಇರಲಿಲ್ಲ.

"ಅಳತೆ ತಪ್ಪು ಕಣೋ" ಎಂದರು ಮಾವ, ಮಗನಿಗೆ.

"ನಿಮ್ಮ ಕನ್ನಡಕ ತಪ್ಪು" ಎಂದ ಮಗ, ಅಪ್ಪನಿಗೆ.

ಆಮೇಲೆ ಕಟ್ಟೆ ಒಡೆಯಿತು. ಅಳತೆಯಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ಅಂಗಡಿಯ ಬೀಗದ ಕೈಗೆ, ಅಲ್ಲಿಂದ ಕನ್ನಡಿಗೆ. ನೀನು ಬಿಟ್ಟೆ, ನೀವು ಬಿಟ್ಟಿರಿ, ಅದೇ ಎರಡು ಮಾತು ಹತ್ತು ಸಲ ಹೋಗಿ ಹತ್ತು ಸಲ ಬಂತು, ಯಾರು ಬಿಟ್ಟರೆನ್ನುವುದು ಆವತ್ತೂ ಇತ್ಯರ್ಥವಾಗಲಿಲ್ಲ. ಮಗ ಮೇಜು ಗುದ್ದಿದ. ಬೀದಿಯವರ ಮುಂದೆ ಕೈಲಾಗದವನು ಅಂದಿರಲ್ಲ, ಆವತ್ತಿನಿಂದ ಗಾಜು ಮುಟ್ಟಿದಾಗೆಲ್ಲ ನನ್ನ ಕೈ ನಡುಗುತ್ತೆ, ಅದು ನಿಮಗೆ ಗೊತ್ತಾ, ಎಂದು ಕೂಗಿದ. ಕೂಗಿದವನ ದನಿ ಕೊನೆಯಲ್ಲಿ ಒಡೆಯಿತು. ನನಗೆ ಯಾರು ಹೇಳಿದರು, ಆರು ವರ್ಷದಿಂದ ನಿನ್ನ ಬಾಯಿಂದ ಅಪ್ಪ ಅನ್ನೋದೇ ಕೇಳಿಲ್ಲ ನಾನು, ಎಂದು ಮಾವನೂ ಅಷ್ಟೇ ಜೋರಾಗಿ ಕೂಗಿದರು. ಎದುರುಮನೆಯ ಕಿಟಕಿ ತೆರೆದುಕೊಂಡಿತು.

ಅತ್ತೆ ಹೆದರಿ ಬಿಳಿಚಿಕೊಂಡಿದ್ದರು. ಸೊಸೆಯ ತೋಳು ಹಿಡಿದು ಅಲುಗಿಸಿದರು. "ಬಿಡಿಸಮ್ಮ, ನಿನ್ನ ದಮ್ಮಯ್ಯ. ಬಾಯಿ ಬಂತಲ್ಲ, ಏನಾದ್ರೂ ಹೇಳು ಅವರಿಗೆ."

"ನಾನು ಊಟ ಮಾಡ್ತಾ ಇದೀನಿ ಅತ್ತೆ" ಎಂದಳು ಸೊಸೆ. "ನೀವೂ ಬಡಿಸ್ಕೊಳ್ಳಿ, ಬೇಳೆ ಆರಿಹೋಗುತ್ತೆ."

ಅನ್ನ ಬಿಸಿಯಾಗಿತ್ತು. ಅವಳು ಬೇಳೆ ಕಲಸಿ ದೊಡ್ಡ ತುತ್ತು ಬಾಯಿಗಿಟ್ಟಳು, ಗಂಟಲಲ್ಲಿ ಸಲೀಸಾಗಿ ಇಳಿಯಿತು. ಮೇಜಿನ ಆಚೆ ಮಾವ ಎದ್ದು ನಿಂತಿದ್ದರು, ಗಂಡನೂ ಎದ್ದು ನಿಂತಿದ್ದ. ಬಟಾಣಿ ಕುರ್ಚಿ ಜರುಗಿಸಿಕೊಂಡು ಅಮ್ಮನ ಪಕ್ಕಕ್ಕೆ ಬಂದು, ಕಿವಿಯ ಹತ್ತಿರ ಬಾಯಿಟ್ಟಳು.

"ಅಮ್ಮಾ, ತಾತ ಈಗ ಅಂದಿದ್ದನ್ನ ಅಪ್ಪನಿಗೆ ಹೇಗೆ ಹೇಳೋದು?"

"ಅಪ್ಪನಿಗೆ ಕೇಳಿಸ್ತು. ನೀನು ತಿನ್ನು."

ಬಟಾಣಿ ಒಮ್ಮೆ ತಾತನನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು. ಇಬ್ಬರೂ ಇನ್ನೂ ಕೂಗುತ್ತಿದ್ದರು, ಅವಳನ್ನು ಯಾರೂ ಕರೆಯಲಿಲ್ಲ. ಅವಳು ತಟ್ಟೆ ಮುಂದಕ್ಕೆ ಚಾಚಿ ಇನ್ನಷ್ಟು ಆಲೂಗಡ್ಡೆ ಕೇಳಿದಳು.